ಮೂರು ವರ್ಷದ 110 ಸಿಸಿ ಎಟಿವಿ: ಎಂಜಿನ್ ಗಟ್ಟಿ, ಥ್ರಾಟಲ್ ಮೇಲೆ ಕಣ್ಣಿರಲಿ

ಈ ಎಟಿವಿಯನ್ನು, ಅಂದರೆ ಕಚ್ಚಾ ಹಾದಿಯಲ್ಲಿ ಓಡುವ ನಾಲ್ಕು ಚಕ್ರದ ಗಾಡಿಯನ್ನು, ಮೂರು ವರ್ಷದಿಂದ ಕೆಸರು, ಕಲ್ಲು, ಏರುತಗ್ಗು ಎನ್ನದೆ ಓಡಿಸಿದ್ದೇನೆ. ಎಂಜಿನ್ ಒಮ್ಮೆಯೂ ಕೈಕೊಟ್ಟಿಲ್ಲ. ಸಸ್ಪೆನ್ಷನ್ ಗಡುಸು, ಸೀಟು ಪರವಾಗಿಲ್ಲ. ನಾನು ಮುಖ್ಯವಾಗಿ ಹೇಳಬೇಕಾದದ್ದು ಎಂಜಿನ್ ವೇಗ ಏರಿಸಿ ಇಳಿಸುವ ಥ್ರಾಟಲ್ ಬಗ್ಗೆ. ಅದು ಎರಡು ಬಾರಿ ಸಿಕ್ಕಿಹಾಕಿಕೊಂಡಿತು, ಎರಡು ಬಾರಿಯೂ ಕಾರಣ ಬೇರೆಯಾಗಿತ್ತು.

ಮೊದಲ ಬಾರಿ ಆದದ್ದು ಏಳನೆಯ ತಿಂಗಳಲ್ಲಿ, ಎಡ ತಿರುವೊಂದರಲ್ಲಿ. ಹ್ಯಾಂಡಲ್‌ನಲ್ಲಿರುವ ಥ್ರಾಟಲ್ ಲಿವರ್‌ನಿಂದ ಹೆಬ್ಬೆರಳು ತೆಗೆದರೂ ವೇಗ ಇಳಿಯಲಿಲ್ಲ. ಎಂಜಿನ್ ಆರಿಸುವ ಕಿಲ್ ಸ್ವಿಚ್ ಒತ್ತಿದ ಮೇಲೆಯೇ ಗಾಡಿ ನಿಂತಿತು. ಎದೆ ಹೊಡೆದುಕೊಳ್ಳುವುದು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಎಂಜಿನ್ ಆರಿಸಿಯೇ ಪರೀಕ್ಷಿಸಿದೆ. ಹ್ಯಾಂಡಲ್ ನೇರವಿದ್ದಾಗ ಲಿವರ್ ಒತ್ತಿ ಬಿಟ್ಟರೆ ಟಕ್ಕನೆ ಹಿಂದಿರುಗುತ್ತಿತ್ತು. ಎಡಕ್ಕೆ ಪೂರ್ತಿ ತಿರುಗಿಸಿ ಒತ್ತಿದರೆ ತೆವಳುತ್ತಾ ಬರುತ್ತಿತ್ತು. ಟ್ಯಾಂಕ್ ಬಿಚ್ಚಿದಾಗ ಗುಟ್ಟು ತಿಳಿಯಿತು: ಲಿವರ್‌ನಿಂದ ಎಂಜಿನ್ ಕಡೆಗೆ ಹೋಗುವ ಕೇಬಲ್ಲನ್ನು ಚೌಕಟ್ಟಿಗೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿದ್ದರು. ಅಲ್ಲಿ ಹೊರಕವಚ ಚಪ್ಪಟೆಯಾಗಿ, ಒಳಗಿನ ತಂತಿಯ ಎರಡು ಎಳೆಗಳು ಕಿತ್ತು ಕವಚಕ್ಕೆ ಚುಚ್ಚಿಕೊಂಡಿದ್ದವು. ಹೊಸ ಕೇಬಲ್ ಹಾಕಿ, ಅಗಲವಾದ ಬಾಗಿನಲ್ಲಿ ಸಾಗಿಸಿ, ಪಟ್ಟಿಯನ್ನು ಸಡಿಲವಾಗಿ ಕಟ್ಟಿದೆ. ಲಿವರ್‌ನ ತುದಿಯಲ್ಲಿ ಕೈಪಿಡಿ ಹೇಳುವಂತೆ 3ರಿಂದ 5 ಮಿಲಿಮೀಟರ್ ಸಡಿಲ ಬಿಟ್ಟೆ. ಇದು ತಯಾರಿಕೆಯಲ್ಲೇ ಆದ ತಪ್ಪು, ಕ್ಷಮಿಸುವಂಥದ್ದಲ್ಲ.

ಎರಡನೆಯ ಬಾರಿ ನನ್ನನ್ನು ಹೆಚ್ಚು ಕಾಡಿತು. ಸರ್ವಿಸ್ ಮುಗಿಸಿ ತಂದ ವಾರದಲ್ಲೇ ಲಿವರ್ ಬಿಟ್ಟರೂ ಎಂಜಿನ್ ವೇಗ ಅರ್ಧಕ್ಕೆ ಬಂದು, ಮುಂದೆ ಇಳಿಯದೆ ಅಲ್ಲೇ ಉಳಿಯತೊಡಗಿತು. ಸರ್ವಿಸ್‌ನವರು ಕೇಬಲ್ ಬದಲಿಸಿದರು, ಐಡಲ್ (ಲಿವರ್ ಒತ್ತದಿದ್ದಾಗಿನ ಎಂಜಿನ್ ವೇಗ) ಹೊಂದಿಸುವ ಸ್ಕ್ರೂ ತಿರುಗಿಸಿದರು. ಐಡಲ್ ಸ್ಕ್ರೂ ತಿರುಗಿಸಿದರೆ ಸಿಕ್ಕಿಕೊಂಡ ಥ್ರಾಟಲ್ ಬಿಡಿಸಿಕೊಳ್ಳುವುದಿಲ್ಲ, ದೋಷ ಮರೆಯಾಗುತ್ತದೆ ಅಷ್ಟೆ. ಕೊನೆಗೆ ನಾನೇ, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್‌ನ ಮೇಲ್ಮುಚ್ಚಳ ಬಿಚ್ಚಿ, ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಸ್ಲೈಡ್‌ನಿಂದ ಕೇಬಲ್ ಬೇರ್ಪಡಿಸಿದೆ. ಕೇಬಲ್ಲೂ ಲಿವರೂ ಸಲೀಸಾಗಿ ಆಡಿದವು. ಅಂದರೆ ದೋಷ ಕಾರ್ಬ್ಯುರೇಟರ್‌ನಲ್ಲೇ ಇತ್ತು.

ಅದನ್ನು ಪೂರ್ತಿ ಕಳಚಿ ತೊಳೆದೆ. ಮೇಜಿನ ಮೇಲೆ ಸ್ಲೈಡ್ ತನ್ನ ಭಾರಕ್ಕೇ ಕೆಳಗೆ ಜಾರಿತು. ಎಂಜಿನ್‌ಗೆ ಕೂರಿಸಿದೊಡನೆ ಮತ್ತೆ ಬಿಗಿ! ಕಾರ್ಬ್ಯುರೇಟರನ್ನು ಎಂಜಿನ್‌ಗೆ ಹಿಡಿದಿಡುವ ಎರಡು ಬೋಲ್ಟ್‌ಗಳನ್ನು ಕಾಲು ಸುತ್ತು ಸಡಿಲಿಸಿದ ಮೇಲೆ ಸ್ಲೈಡ್ ಮತ್ತೆ ಸಲೀಸಾಗಿ ಜಾರಿತು. ಸರ್ವಿಸ್‌ನಲ್ಲಿ ಅವುಗಳನ್ನು ಅತಿಯಾಗಿ ಬಿಗಿದಿದ್ದರಿಂದ ಮೆದು ಲೋಹದ ಕಾರ್ಬ್ಯುರೇಟರ್ ಸೊಟ್ಟಗಾಗಿ, ಸ್ಲೈಡ್ ಓಡಾಡುವ ಕೊಳವೆ ಕಿರಿದಾಗಿತ್ತು. ಸಂದಿ ಮುಚ್ಚುವ ಹೊಸ ಗ್ಯಾಸ್ಕೆಟ್ ಹಾಕಿ, ಎರಡೂ ಬೋಲ್ಟ್‌ಗಳನ್ನು ಸಮವಾಗಿ, ಹದವಾಗಿ ಬಿಗಿದೆ. ತೀರಾ ಸಡಿಲವೂ ಆಗಬಾರದು. ಆ ಸಂದಿಯಿಂದ ಗಾಳಿ ಒಳನುಗ್ಗಿದರೆ ಐಡಲ್ ಏರಿ, ಥ್ರಾಟಲ್ ಸಿಕ್ಕಿಕೊಂಡಂತೆಯೇ ಭಾಸವಾಗುತ್ತದೆ.

ನೀವೇ ಬಿಚ್ಚುವುದಾದರೆ ಒಂದು ಮಾತು. ಸ್ಲೈಡ್‌ನ ತೋಡು ಕೊಳವೆಯೊಳಗಿನ ಪಿನ್ನಿಗೆ ಸರಿಯಾಗಿ ಕೂರಬೇಕು. ತಪ್ಪಾಗಿ ಕೂತರೆ ಸ್ಟಾರ್ಟ್ ಮಾಡಿದೊಡನೆ ಎಂಜಿನ್ ಪೂರ್ಣ ವೇಗಕ್ಕೆ ಹಾರಬಹುದು. ಆದ್ದರಿಂದ ಮೊದಲು ಲಿವರ್ ಒತ್ತಿ ಬಿಟ್ಟು, ಸ್ಲೈಡ್ ತಳಕ್ಕೆ ಬಡಿಯುವ ಸದ್ದು ಕೇಳಿಸಿಕೊಳ್ಳಿ. ಕೇಬಲ್‌ಗೆ ದಪ್ಪ ಗ್ರೀಸ್ ತುಂಬಬೇಡಿ, ಅದು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಆ ನಂತರ ಹದಿನಾಲ್ಕು ತಿಂಗಳು ಕಳೆದಿವೆ, ತೊಂದರೆ ಮರುಕಳಿಸಿಲ್ಲ. ಆದರೂ ಹೊರಡುವ ಮುನ್ನ ಪ್ರತಿ ಬಾರಿಯೂ ಹ್ಯಾಂಡಲ್ಲನ್ನು ಎರಡೂ ಕೊನೆಗೆ ತಿರುಗಿಸಿ ಲಿವರ್ ಪರೀಕ್ಷಿಸುತ್ತೇನೆ. ಸವಾರ ಬಿದ್ದರೆ ತಾನಾಗಿಯೇ ಎಂಜಿನ್ ಆರಿಸುವ ಹಗ್ಗದ ಸ್ವಿಚ್ ಈ ಗಾಡಿಯ ಜೊತೆ ಬರುವುದಿಲ್ಲ. ನಾನು ಬೇರೆಯಾಗಿ ತಂದು ಹಾಕಿಸಿದೆ. ಎಂಜಿನ್‌ಗೆ ಐದಕ್ಕೆ ಐದು ಅಂಕ ಕೊಡುತ್ತೇನೆ. ಕೇಬಲ್ ಕಟ್ಟಿದ ರೀತಿಗೂ ಆ ಸ್ವಿಚ್ ಇಲ್ಲದ್ದಕ್ಕೂ ಸೇರಿಸಿ ಇಡೀ ಗಾಡಿಗೆ ಮೂರು.