ರಿಫ್ಲೆಕ್ಟರ್ ಜಾಕೆಟ್, ಕಾಲ್ಪಟ್ಟಿ, ಕೆಂಪು ದೀಪ: ಪೊನ್ನಂಪೇಟೆ ರಸ್ತೆಯಲ್ಲಿ ಎಂಟು ತಿಂಗಳ ಬಳಕೆ

ಕೊಡಗಿನ ಗೋಣಿಕೊಪ್ಪಲಿನ ಕಾಫಿ ಗೋದಾಮೊಂದರಲ್ಲಿ ಲೆಕ್ಕ ಬರೆಯುವ ನಾನು ಕೆಲಸ ಮುಗಿಸಿ ಹೊರಡುವಾಗ ರಾತ್ರಿ ಎಂಟು ದಾಟಿರುತ್ತದೆ. ಕೊಯ್ಲಿನ ದಿನಗಳಲ್ಲಿ ಒಂಬತ್ತೂ ಆಗುವುದುಂಟು. ಅಲ್ಲಿಂದ ಪೊನ್ನಂಪೇಟೆ ದಾಟಿ ಹುದಿಕೇರಿ ಕಡೆಗಿರುವ ನಮ್ಮ ಮನೆಗೆ 8 ಕಿಲೋಮೀಟರ್ ಸೈಕಲ್ ಹಾದಿ. ಪೇಟೆಯ ದೀಪಗಳು ಮುಗಿದ ಮೇಲೆ ಒಂದು ಬದಿಗೆ ಗದ್ದೆ, ಇನ್ನೊಂದು ಬದಿಗೆ ತೋಟದ ಬೇಲಿ; ನೆರಳು ಮರಗಳು ಒತ್ತಾಗಿರುವ ಕಡೆ ಬೆಳದಿಂಗಳೂ ರಸ್ತೆಗೆ ಇಳಿಯುವುದಿಲ್ಲ. ಕಳೆದ ಮೇ ತಿಂಗಳ ಒಂದು ರಾತ್ರಿ ಪಿಕಪ್ ವಾಹನವೊಂದು ನನ್ನ ಮೊಣಕೈಗೆ ಗಾಳಿ ಬಡಿಯುವಷ್ಟು ಹತ್ತಿರದಲ್ಲಿ ಹಾದುಹೋಗಿ ಮುಂದೆ ನಿಂತಿತು. ಇಳಿದು ಬಂದ ಚಾಲಕ, "ಅಕ್ಕ, ಹತ್ತಿರ ಬರೋವರೆಗೂ ನೀವು ಕಾಣಲೇ ಇಲ್ಲ" ಎಂದ. ಅವನ ಕೈ ನಡುಗುತ್ತಿತ್ತು. ಅದೇ ವಾರ 350 ರೂಪಾಯಿಯ ರಿಫ್ಲೆಕ್ಟರ್ ಜಾಕೆಟ್, 180 ರೂಪಾಯಿಗೆ ಕಣಕಾಲಿಗೆ ಕಟ್ಟುವ, ಬೆಳಕಿಗೆ ಹೊಳೆಯುವ ಒಂದು ಜೊತೆ ಕಾಲ್ಪಟ್ಟಿ ಮತ್ತು 650 ರೂಪಾಯಿಯ ಹಿಂಬದಿಯ ಕೆಂಪು ದೀಪವನ್ನು ತರಿಸಿದೆ. ಜೂನ್‌ನಿಂದ ಜನವರಿಯವರೆಗೆ ಇವನ್ನು ದಿನವೂ ಬಳಸಿದ ಅನುಭವದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಜಾಕೆಟ್ಟಿನ ಎದ್ದುಕಾಣುವ ಹಳದಿ-ಹಸಿರು ಬಣ್ಣವನ್ನು ನೋಡಿಯೇ ಹೆಚ್ಚಿನವರು ಅದನ್ನು ಕೊಳ್ಳುತ್ತಾರೆ, ನಾನೂ ಹಾಗೆಯೇ ಕೊಂಡೆ. ಆದರೆ ಆ ಬಣ್ಣ ಹಗಲಿನದು. ಅದು ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಕಣ್ಣಿಗೆ ಕಾಣುವ ಬೆಳಕಾಗಿ ಹೊರಸೂಸುವುದರಿಂದ ಮೋಡ ಕವಿದ ಮಧ್ಯಾಹ್ನಕ್ಕೂ ಮುಸ್ಸಂಜೆಗೂ ಒದಗುತ್ತದೆ; ವಾಹನದ ದೀಪದಲ್ಲಿ ಆ ಕಿರಣಗಳು ತೀರ ಕಡಿಮೆಯಾದ್ದರಿಂದ ರಾತ್ರಿ ಅದಕ್ಕೆ ವಿಶೇಷ ಹೊಳಪಿಲ್ಲ. ರಾತ್ರಿ ಕೆಲಸ ಮಾಡುವುದು ಅದರ ಮೇಲಿನ ಬೂದುಬಣ್ಣದ ಪಟ್ಟಿಗಳು ಮಾತ್ರ. ಬೆಳಕು ಬಂದ ದಿಕ್ಕಿಗೇ ಅದನ್ನು ಮರಳಿಸುವ ಈ ಪಟ್ಟಿಗಳು ವಾಹನದೊಳಗೆ ಕುಳಿತವರಿಗೆ ಉರಿಯುವಂತೆ ಕಾಣುತ್ತವೆ, ರಸ್ತೆ ಬದಿಯಲ್ಲಿ ನಿಂತವರಿಗೆ ಮಂಕಾಗಿಯೇ ಇರುತ್ತವೆ. ಬೆನ್ನಿಗೆ ಬ್ಯಾಗು ಹಾಕಿಕೊಂಡರೆ ಅರ್ಧ ಪಟ್ಟಿ ಮುಚ್ಚಿಹೋಗುತ್ತದೆ. ಆದ್ದರಿಂದ ಬ್ಯಾಗನ್ನು ಕ್ಯಾರಿಯರ್‌ಗೆ ಕಟ್ಟುತ್ತೇನೆ, ಮಳೆಕೋಟಿನ ಮೇಲೆ ಹಾಕಿಕೊಳ್ಳಲು ಆಗುವಂತೆ ಎರಡು ಅಳತೆ ದೊಡ್ಡ ಜಾಕೆಟ್ಟನ್ನೇ ತೆಗೆದುಕೊಂಡಿದ್ದೇನೆ.

ಮೂರರಲ್ಲಿ ಅತಿ ಅಗ್ಗದ ಕಾಲ್ಪಟ್ಟಿಯೇ ನನ್ನ ದೃಷ್ಟಿಯಲ್ಲಿ ಅತಿ ಬೆಲೆಯುಳ್ಳದ್ದು. ಇದನ್ನು ನಾನು ಕಣ್ಣಾರೆ ಪರೀಕ್ಷಿಸಿದ್ದೇನೆ. ಪಕ್ಕದ ಮನೆಯ ಜೀಪು ಚಾಲಕರನ್ನು ಕೇಳಿಕೊಂಡು, ಒಂದು ರಾತ್ರಿ ತೋಟದೊಳಗಿನ ನೇರ ರಸ್ತೆಯಲ್ಲಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಕುಳಿತು ಪೆಡಲ್ ತುಳಿಯುತ್ತಿದ್ದೆ. ಅವರು ಡಿಮ್ ದೀಪದಲ್ಲಿ ನಿಧಾನವಾಗಿ ಬರುತ್ತ, ಮುಂದಿರುವುದು ಸೈಕಲ್ ಎಂದು ಖಚಿತವಾದ ಕೂಡಲೇ ನಿಲ್ಲಿಸಬೇಕಿತ್ತು. ಕಪ್ಪು ಮಳೆಕೋಟು ಮಾತ್ರ ಇದ್ದಾಗ ಜೀಪು 30 ಹೆಜ್ಜೆಯಷ್ಟು ದೂರದಲ್ಲಿ ನಿಂತಿತು. ಜಾಕೆಟ್ ಹಾಕಿದಾಗ ಹೊಳಪು ಬಹಳ ದೂರದಿಂದಲೇ ಕಂಡರೂ ಅವರು 70 ಹೆಜ್ಜೆಯವರೆಗೆ ಬಂದರು, ಏಕೆಂದರೆ ಅದು ತಿರುವಿನಲ್ಲಿ ನೆಟ್ಟ ಬೋರ್ಡ್ ಇರಬಹುದೆಂದು ಅವರಿಗೆ ಅನ್ನಿಸಿತ್ತು. ಕಾಲ್ಪಟ್ಟಿಯನ್ನೂ ಕಟ್ಟಿದಾಗ 130 ಹೆಜ್ಜೆ ಇರುವಾಗಲೇ ನಿಲ್ಲಿಸಿದರು. "ಎರಡು ಚುಕ್ಕಿ ಮೇಲೆ ಕೆಳಗೆ ಆಡ್ತಾ ಇದ್ದರೆ ಸೈಕಲ್ ಅಲ್ಲದೆ ಮತ್ತೇನಕ್ಕಾ?" ಎಂದರು. ನಾನು ಅಲ್ಲಿರುವುದು ಅವರಿಗೆ ಮೊದಲೇ ಗೊತ್ತಿತ್ತು, ಗೊತ್ತಿಲ್ಲದ ಚಾಲಕರಿಗೆ ಈ ದೂರಗಳು ಇನ್ನೂ ಕಡಿಮೆಯೇ ಆಗುತ್ತವೆ. ಗಂಟೆಗೆ 50 ಕಿಲೋಮೀಟರ್ ವೇಗದ ಜೀಪು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ ಎಂಬುದನ್ನು ನೆನೆದರೆ ಒಂದೊಂದು ಹೆಜ್ಜೆಯೂ ಲೆಕ್ಕಕ್ಕೆ ಬರುತ್ತದೆ.

ದೇಹದ ಕೀಲುಗಳಲ್ಲಿ ಚಲಿಸುವ ಕೆಲವೇ ಬೆಳಕಿನ ಚುಕ್ಕಿಗಳಿಂದ ಕಣ್ಣು ಮನುಷ್ಯನನ್ನು ಗುರುತಿಸುತ್ತದೆ ಎಂಬುದನ್ನು ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೊಹಾನ್ಸನ್ 1973ರಲ್ಲೇ ತೋರಿಸಿದ್ದರು. ಆಸ್ಟ್ರೇಲಿಯಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಾತ್ರಿ ವಾಹನ ಓಡಿಸುತ್ತಿದ್ದವರು ಕಪ್ಪು ಬಟ್ಟೆಯ ಸೈಕಲ್ ಸವಾರರನ್ನು ಶೇಕಡಾ 2ರಷ್ಟು ಸಲ, ಬರೀ ಫ್ಲೋರೊಸೆಂಟ್ (ಹಗಲಲ್ಲಿ ಎದ್ದುಕಾಣುವ) ಬಣ್ಣದ ಜಾಕೆಟ್ ತೊಟ್ಟವರನ್ನು 15ರಷ್ಟು ಸಲ, ರಿಫ್ಲೆಕ್ಟರ್ ಜಾಕೆಟ್ ತೊಟ್ಟವರನ್ನು 50ರಷ್ಟು ಸಲ ಗುರುತಿಸಿದರೆ, ಅದರ ಜೊತೆಗೆ ಕಣಕಾಲಿಗೂ ಮೊಣಕಾಲಿಗೂ ಪಟ್ಟಿ ಕಟ್ಟಿದವರನ್ನು 90ರಷ್ಟು ಸಲ ಗುರುತಿಸಿದರು. ನಮ್ಮ ತೋಟದ ರಸ್ತೆಯಲ್ಲಿ ಕಂಡದ್ದೂ ಇದೇ. ಚೂಡಿದಾರದ ಅಂಚು ಚೈನಿಗೆ ಸಿಕ್ಕಿಕೊಳ್ಳದಂತೆ ಈ ಪಟ್ಟಿ ತಡೆಯುವುದು ನನಗೆ ದೊರೆತ ಇನ್ನೊಂದು ಉಪಕಾರ.

ಕೊಡಗಿನ ಮಳೆ ಮಾತ್ರ ಯಾವ ವಸ್ತುವಿಗೂ ದಾಕ್ಷಿಣ್ಯ ತೋರಿಸುವುದಿಲ್ಲ. ಜಾಕೆಟ್ಟಿನ ಬಟ್ಟೆಯಂತಹ ಪಟ್ಟಿಯಲ್ಲಿ ತೀರ ಸಣ್ಣ ಗಾಜಿನ ಮಣಿಗಳಿರುತ್ತವೆ. ಅವುಗಳ ಮೇಲೆ ನೀರಿನ ಪೊರೆ ಕೂತರೆ ಬೆಳಕು ಬಾಗುವ ರೀತಿಯೇ ಬದಲಾಗಿ ಹೊಳಪು ಬಹಳಷ್ಟು ಕುಗ್ಗುತ್ತದೆ. ಜುಲೈಯಲ್ಲಿ ಬೂಷ್ಟು ಹಿಡಿದು, ಉಜ್ಜಿ ತೊಳೆದಾಗ ಒಂದು ಪಟ್ಟಿಯ ಅಂಚು ಎದ್ದುಬಂತು. ಕಾಲ್ಪಟ್ಟಿಯ ಮೇಲ್ಮೈ ನುಣುಪಾದ ಪ್ಲಾಸ್ಟಿಕ್ ಆಗಿದ್ದು, ಒಳಗೆ ಸಣ್ಣ ಪಟ್ಟಕಗಳು (ಪ್ರಿಸಂಗಳು) ಮುಚ್ಚಿಕೊಂಡಿರುವುದರಿಂದ ನೀರಿಗೆ ಅಷ್ಟು ಸೋಲುವುದಿಲ್ಲ, ಆದರೆ ಚಕ್ರ ಚಿಮ್ಮಿಸುವ ಕೆಂಪು ಕೆಸರನ್ನು ದಿನವೂ ಒರೆಸಬೇಕು. ಕೊಳ್ಳುವವರು ಈ ವ್ಯತ್ಯಾಸವನ್ನು ಕೈಯಿಂದ ಮುಟ್ಟಿಯೇ ತಿಳಿಯಬಹುದು.

ಗದ್ದೆಯ ಮೇಲಿಂದ ಮಂಜು ರಸ್ತೆಗೆ ಹಬ್ಬುವ ರಾತ್ರಿಗಳಲ್ಲಿ ಪಟ್ಟಿಗಳನ್ನಷ್ಟೇ ನೆಚ್ಚಿಕೊಳ್ಳಲಾಗದು. ವಾಹನದ ಬೆಳಕು ಮಂಜನ್ನು ಸೀಳಿ ನನ್ನವರೆಗೆ ಬಂದು ಮತ್ತೆ ಅದೇ ಮಂಜಿನಲ್ಲಿ ಹಿಂದಿರುಗಬೇಕು. ಸ್ವಂತ ದೀಪದ ಬೆಳಕು ಒಂದೇ ಸಲ ಹಾದರೆ ಸಾಕು. ಹೀಗಾಗಿ ದೀಪವಿಲ್ಲದೆ ಹೊರಡಬಾರದು. ನಾನು ಅದನ್ನು ಮಿನುಗಿಸದೆ ಸ್ಥಿರವಾಗಿ ಉರಿಸುತ್ತೇನೆ: ಮಿನುಗುವ ದೀಪ ಗಮನ ಸೆಳೆದರೂ ಎಷ್ಟು ದೂರದಲ್ಲಿದೆ ಎಂದು ಅಂದಾಜಿಸುವುದು ಹಿಂದಿನಿಂದ ಬರುವವರಿಗೆ ಕಷ್ಟವಾಗುತ್ತದೆ. ಕ್ಯಾರಿಯರ್‌ಗೆ ಕಟ್ಟಿದ ಬ್ಯಾಗಾಗಲಿ ಮಳೆಕೋಟಿನ ಸೆರಗಾಗಲಿ ಅದನ್ನು ಮುಚ್ಚದಂತೆ ಮಡ್‌ಗಾರ್ಡಿನ ಮೇಲೆ, ನೇರ ಹಿಂದಕ್ಕೆ ಮುಖಮಾಡಿ ಕೂರಿಸಿದ್ದೇನೆ.

ನಾನು ಕೊಂಡ ದೀಪದ ಬೆಳಕಿನ ಬಗ್ಗೆ ದೂರಿಲ್ಲ, ಅದರ ತಯಾರಿಕೆಯ ಬಗ್ಗೆ ಇದೆ. ಐಪಿಎಕ್ಸ್4 ಎಂದು ಪೊಟ್ಟಣದ ಮೇಲೆ ಮುದ್ರಿಸಿದ್ದರು. ಎಲ್ಲ ದಿಕ್ಕಿನಿಂದ ಎರಚುವ ನೀರನ್ನು ತಡೆಯಬೇಕೆಂಬುದು ಆ ಗುರುತಿನ ಅರ್ಥ. ಆದರೆ ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಎರಡೇ ತಿಂಗಳಲ್ಲಿ ಸಡಿಲವಾಗಿ, ಆಗಸ್ಟ್‌ನಲ್ಲಿ ನೀರು ಒಳಸೇರಿ ದೀಪ ಕೆಟ್ಟಿತು. ಮಾರಿದವರು ಬದಲಿಸಿಕೊಡಲಿಲ್ಲ. ಈಗಿರುವುದು ತಿರುಗಿಸಿ ಬಿಗಿಯುವ ಮುಚ್ಚಳದ, ಪೆನ್ಸಿಲ್ ಸೆಲ್ಲಿನ ದೀಪ. ಬೆಳಕು ಹಿಂದಿನದಕ್ಕಿಂತ ತುಸು ಕಡಿಮೆ, ಆದರೆ ಸೆಪ್ಟೆಂಬರಿನ ಮಳೆಯನ್ನು ತಡೆದುಕೊಂಡಿದೆ, ಸೆಲ್ ಪೊನ್ನಂಪೇಟೆಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಒಂದು ಜೊತೆ ಸೆಲ್ಲನ್ನು ಬ್ಯಾಗಿನ ಹೊರಜೇಬಿನಲ್ಲಿ ಸದಾ ಇಟ್ಟಿರುತ್ತೇನೆ.