ಶರಾವತಿ ಹಿನ್ನೀರಲ್ಲಿ ಹಾಯಿದೋಣಿ ಕ್ಲಾಸ್, ಮಕ್ಕಳನ್ನ ಕಳ್ಸಿ
ಹೋದ ತಿಂಗ್ಳು ಸಾಗರದ ಕಡೆ ಹಿನ್ನೀರಲ್ಲಿ ಎರಡು ದಿನದ ಸೈಲಿಂಗ್ ಕ್ಲಾಸಿಗೆ ಮಗಳನ್ನ ಕರ್ಕೊಂಡು ಹೋಗಿದ್ದೆ, ಅವ್ಳಿಗೆ ನೇತ್ರಾ ಕುಮನನ್ ಅಂದ್ರೆ ಪ್ರಾಣ. ಒಲಿಂಪಿಕ್ಸ್ ಸೈಲಿಂಗಿಗೆ ಕ್ವಾಲಿಫೈ ಆದ ನಮ್ ದೇಶದ ಮೊದಲ ಹೆಣ್ಮಗಳು ಅವ್ರು, ಚೆನ್ನೈನೋರು, 2020ರಲ್ಲಿ ಮಯಾಮಿ ವರ್ಲ್ಡ್ ಕಪ್ಪಲ್ಲಿ ಕಂಚು ಗೆದ್ದು ಆಮೇಲೆ ಟೋಕಿಯೋ, ಪ್ಯಾರಿಸ್ ಎರಡೂ ಒಲಿಂಪಿಕ್ಸ್ ಆಡಿದಾರೆ.

ಕೋಚ್ ತುಂಬಾ ಒಳ್ಳೇರು, ಹೈಕಿಂಗ್ ಅಂದ್ರೆ ಏನು ಅಂತ ಅವ್ರು ಹೇಳ್ಕೊಟ್ಟಿದ್ದು ಮರಿಯಕ್ಕಾಗಲ್ಲ, ಗಾಳಿ ಜೋರಾದಾಗ ದೋಣಿ ವಾಲ್ದಂಗೆ ಪಟ್ಟಿಗೆ ಕಾಲ್ ಸಿಗ್ಸಿ ಮೈಯೆಲ್ಲ ನೀರಿನ ಮೇಲಕ್ಕೆ ಚಾಚ್ಬೇಕು, ಐದೇ ನಿಮಿಷಕ್ಕೆ ನನ್ ತೊಡೆ ನಡುಗ್ತಿತ್ತು. ಡೆನ್ಮಾರ್ಕಿನ ಪಾಲ್ ಎಲ್ವ್‌ಸ್ಟ್ರೋಮ್ ಇದನ್ನ ಮನೇಲೇ ಬೆಂಚ್ ಮಾಡ್ಕೊಂಡು ಪ್ರಾಕ್ಟೀಸ್ ಮಾಡ್ತಿದ್ರಂತೆ, 1948ರಿಂದ 1960ರವರೆಗೆ ಸತತ ನಾಲ್ಕು ಒಲಿಂಪಿಕ್ಸಲ್ಲಿ ಚಿನ್ನ, ಆ ಕಷ್ಟ ಏನು ಅಂತ ಈಗ ಗೊತ್ತಾಯ್ತು.

ಬೇಜಾರಾಗಿದ್ದು ಒಂದೇ, ಸಣ್ಣ ಮಕ್ಕಳ ಸೈಜಿನ ಲೈಫ್ ಜಾಕೆಟ್ ಎರಡೇ ಇತ್ತು, ಅದಕ್ಕೆ ಕಾಯ್ಬೇಕಾಯ್ತು, ಇದನ್ನ ಅವ್ರು ಸರಿ ಮಾಡ್ಲೇಬೇಕು. ಮಧ್ಯಾಹ್ನ ಊಟಕ್ಕೆ ಕಡುಬು, ಅಪ್ಪೆಹುಳಿ, ಸೂಪರ್. ಮಳೆಗಾಲದಲ್ಲಿ ಬೇಡ, ಡಿಸೆಂಬರಲ್ಲಿ ಹೋಗಿ. ನಾವಂತೂ ಮುಂದಿನ ಬ್ಯಾಚಿಗೆ ಹೆಸರು ಕೊಟ್ಟೇ ಬಂದ್ವಿ.