ಹೊಸ ಕಾರ್ಬ್ಯುರೇಟರ್ ಹಾಕಿದ್ದೇನೆ ಅಂದವನು ಒಂದು ಬೋಲ್ಟ್ ಕೂಡ ಬಿಚ್ಚಿರಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ಹೋದ ಚಳಿಗಾಲ ಮುಗಿದ ಮೇಲೆ ಸ್ನೋ ಬ್ಲೋವರನ್ನು, ಅಂದರೆ ದಾರಿಯ ಹಿಮ ಎತ್ತಿ ಎಸೆಯುವ ಮಷೀನನ್ನು, ಹಾಗೇ ಮೂಲೆಗೆ ತಳ್ಳಿಬಿಟ್ಟೆ. ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಇತ್ತು. ಎಂಟು ತಿಂಗಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ಇದಕ್ಕೆ ನೀವು ಬೈಯಬೇಕಾಗಿಲ್ಲ, ಮನೆಯಲ್ಲಿ ಆಗಲೇ ಬೈಸಿಕೊಂಡಾಗಿದೆ. ಆದರೆ ನನ್ನ ಸೋಮಾರಿತನದ ಕತೆ ಬೇರೆ, ರಿಪೇರಿಗೆ ಬಂದವನು ನನ್ನ ಕಿವಿಗೆ ಹೂವಿಟ್ಟ ಕತೆ ಬೇರೆ. ನಾನು ಬರೆಯುತ್ತಿರುವುದು ಎರಡನೆಯದು.

ಮೊದಲ ಹಿಮ ಬಿದ್ದ ಬೆಳಿಗ್ಗೆ ಮಷೀನ್ ಹೊರಗೆ ಎಳೆದೆ. ಪೆಟ್ರೋಲ್ ಒಳಗೆ ತಳ್ಳುವ ಪ್ರೈಮರ್ ಗುಂಡಿಯನ್ನು ಮೂರು ಸಲ ಒತ್ತಿ ಹಗ್ಗ ಎಳೆದರೆ ಸ್ಟಾರ್ಟ್ ಆಯಿತು. ನಾಲ್ಕು ಸೆಕೆಂಡ್ ಓಡಿ ಸತ್ತಿತು. ಮತ್ತೆ ಒತ್ತಿದೆ, ಮತ್ತೆ ಎಳೆದೆ, ಮತ್ತೆ ನಾಲ್ಕು ಸೆಕೆಂಡ್. ಗಾಳಿ ಕಟ್ಟುವ ಚೋಕ್ ಪೂರ್ತಿ ಹಾಕಿದರೆ ಕೆಮ್ಮುತ್ತಾ ಓಡುತ್ತಿತ್ತು. ಚೋಕ್ ತೆಗೆದ ಕೂಡಲೇ ಬಂದ್. ಅರ್ಧ ಚೋಕಿನಲ್ಲಿ ವ್ರೂಂ... ವ್ರೂಂ... ಅಂತ ಏರಿ ಇಳಿದು, ಏರಿ ಇಳಿದು, ಮೆಟ್ಟಿಲು ಹತ್ತಿದ ಮುದುಕನ ಹಾಗೆ ಏದುಸಿರು ಬಿಡುತ್ತಿತ್ತು.

ಗೊತ್ತಿದ್ದವರಿಗೆ ಇಷ್ಟರಲ್ಲೇ ಕಾಯಿಲೆ ಗೊತ್ತಾಗಿರುತ್ತದೆ. ನನಗೆ ಆಗಲಿಲ್ಲ. ಒಬ್ಬ ರಿಪೇರಿಯವನನ್ನು ಕರೆದೆ. ಮನೆಗೇ ಬಂದು ಮಾಡಿಕೊಡುತ್ತೇನೆ ಅಂದ. ಅದೇ ನನಗೆ ದೊಡ್ಡ ಉಪಕಾರ ಅನ್ನಿಸಿತು, ನೋಡಿ.

ಬಂದ. ಹಗ್ಗ ಒಂದು ಸಲ ಎಳೆದ. ಮೇಲಿನ ತಗಡಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದ. "ಕಾರ್ಬ್ಯುರೇಟರ್ ಹೋಗಿದೆ. ಕ್ಲೀನ್ ಮಾಡಿದರೆ ಪ್ರಯೋಜನ ಇಲ್ಲ, ಬದಲಾಯಿಸಲೇಬೇಕು" ಅಂದ. ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಅದು. ನಾನು ಕೋಲೆ ಬಸವನ ಹಾಗೆ ತಲೆ ಆಡಿಸಿದೆ. ಸಾಮಾನು ತಂದು ಶನಿವಾರ ಬರುತ್ತೇನೆ ಅಂತ ಹೇಳಿ, ಹಣ ಮುಂಗಡ ತೆಗೆದುಕೊಂಡು ಹೋದ.

ಶನಿವಾರ ಬಂದಾಗ ನಾನು ಒಳಗೆ ಒಂದು ಫೋನ್ ಕಾಲ್‌ನಲ್ಲಿದ್ದೆ. ಮುಕ್ಕಾಲು ಗಂಟೆ. ಹೊರಗೆ ಬರುವ ಹೊತ್ತಿಗೆ ಕೆಲಸ ಮುಗಿದಿತ್ತು. ಕಾರ್ಬ್ಯುರೇಟರ್ ಪಳಪಳ ಹೊಳೆಯುತ್ತಿತ್ತು. ಎಂಜಿನ್ ಓಡುತ್ತಿತ್ತು. ಅವನು ಪಕ್ಕದಲ್ಲಿ ನಿಂತು ಒಂದು ಕೈಯನ್ನು ಮಷೀನ್ ಮೇಲೆ ಇಟ್ಟುಕೊಂಡಿದ್ದ, ಹಸುವಿನ ಬೆನ್ನು ಸವರುವ ಹಾಗೆ.

ಆ ಕೈ ಎಲ್ಲಿತ್ತು ಅಂತ ಈಗ ಗೊತ್ತಾಗಿದೆ. ಚೋಕಿನ ನಾಬ್ ಮೇಲೆ. ಅರ್ಧ ಚೋಕ್ ಹಾಕಿಕೊಂಡೇ ನನಗೆ ಎಂಜಿನ್ ತೋರಿಸುತ್ತಿದ್ದ! ನಾನು ನೋಡಿದೆ. ಕಣ್ಣಾರೆ ನೋಡಿದೆ. ಆದರೂ ತಲೆಗೆ ಹೋಗಲಿಲ್ಲ. ಮೇಲಾಗಿ ಒಂದು ಬುದ್ಧಿಮಾತು ಬೇರೆ ಹೇಳಿದ: "ಈ ಚಳಿಗೆ ನಾಬ್ ಇಲ್ಲೇ ಇರಲಿ, ಮುಟ್ಟಬೇಡಿ." ನಾನು ಆಗಲಿ ಅಂದೆ. ಥ್ಯಾಂಕ್ಸ್ ಅಂತಲೂ ಹೇಳಿದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಹಳೇ ಕಾರ್ಬ್ಯುರೇಟರ್ ಎಲ್ಲಿ ಅಂತ ಕೇಳಿದ್ದಕ್ಕೆ "ಕಸಕ್ಕೆ ಹಾಕುತ್ತೇನೆ ಬಿಡಿ, ನಿಮಗೆ ಯಾಕೆ" ಅಂದ. ನಾನು ಬಿಟ್ಟೆ.

ಮುಂದಿನ ಹಿಮಕ್ಕೆ ಅದೇ ರಾಗ. ಗಟ್ಟಿ ಹಿಮಕ್ಕೆ ಮೂತಿ ಇಟ್ಟ ಕೂಡಲೇ ಎಂಜಿನ್ ಕುಸಿದು ನಿಲ್ಲುತ್ತಿತ್ತು. ಮತ್ತೆ ಕರೆದೆ. ಈ ಸಲ ಹಗ್ಗವನ್ನು ಮೆಲ್ಲಗೆ ಒಂದು ಸಲ ಎಳೆದು ನೋಡಿ, ಮುಖ ಸಪ್ಪಗೆ ಮಾಡಿಕೊಂಡು, "ಕಂಪ್ರೆಷನ್ ಇಲ್ಲ. ಎಂಜಿನ್ನೇ ಹೋಗಿದೆ" ಅಂದ. ಎಂಜಿನ್ನಿನೊಳಗೆ ಗಾಳಿ ಒತ್ತುವ ಬಿಗಿಯೇ ಇಲ್ಲ ಅಂತ ಅರ್ಥ. ಮೀಟರ್ ಇಲ್ಲ, ಪ್ಲಗ್ ಬಿಚ್ಚಲಿಲ್ಲ, ಏನೂ ಇಲ್ಲ. ಇದು ಹಳೇ ಟೆಕಮ್ಸೆ ಎಂಜಿನ್. ಆ ಕಂಪನಿ 2008ರಲ್ಲೇ ಎಂಜಿನ್ ಮಾಡುವುದನ್ನು ನಿಲ್ಲಿಸಿತು. ಅದನ್ನೇ ಹಿಡಿದುಕೊಂಡ. "ಪಾರ್ಟ್ಸ್ ಸಿಗಲ್ಲ. ಬೇಕಾದರೆ ಮಷೀನ್ ನಾನೇ ತಗೊಂಡು ಹೋಗ್ತೀನಿ, ನಿಮಗೆ ಸಾಗಿಸೋ ತಲೆನೋವು ತಪ್ಪುತ್ತೆ."

(ಈ ಎಂಜಿನ್ನುಗಳಲ್ಲಿ ಸ್ಟಾರ್ಟ್ ಮಾಡುವಾಗ ಹಗ್ಗ ಹಗುರವಾಗಲಿ ಅಂತ ಕಂಪ್ರೆಷನ್ ಸ್ವಲ್ಪ ಬಿಟ್ಟುಕೊಡುವ ವ್ಯವಸ್ಥೆ ಒಳಗೇ ಇರುತ್ತದೆ. ಮೆಲ್ಲಗೆ ಎಳೆದರೆ ಹಗುರ ಅನ್ನಿಸುವುದು ಸಹಜ. ಪಾರ್ಟ್ಸ್ ಬೇರೆಯವರು ಮಾಡಿದ್ದು ಈಗಲೂ ಸಿಗುತ್ತವೆ. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು.)

ಕೊಟ್ಟೇಬಿಡುತ್ತಿದ್ದೆ. ನನ್ನ ಹೆಂಡತಿ ತಡೆದಳು. "ರೀ, ಎಂಜಿನ್ ಹೋಗಿದ್ರೆ ಅವನಿಗ್ಯಾಕೆ ಬೇಕು ಅದು?" ಒಂದೇ ಪ್ರಶ್ನೆ. ನನಗೆ ಹೊಳೆಯಲಿಲ್ಲ ಅಲ್ವಾ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ನಾನೇ ಮಷೀನ್ ಮುಂದೆ ಮಂಡಿಯೂರಿ ಕೂತೆ. ತಗಡು ತೆಗೆದೆ. ಕಾರ್ಬ್ಯುರೇಟರಿನ ಕೆಳಗೆ ಬಟ್ಟಲಿನ ಹಾಗೆ ಒಂದು ಬೌಲ್ ಇರುತ್ತದೆ, ಅದನ್ನು ತಳದಲ್ಲಿ ಒಂದು ಬೋಲ್ಟ್ ಹಿಡಿದಿರುತ್ತದೆ. ಆ ಬೋಲ್ಟ್ ನೋಡಿ ಎದೆ ಧಸಕ್ ಅಂತು. ಅದರ ಮೂಲೆಗಳು ಸವೆದು ದುಂಡಗಾಗಿದ್ದವು. ಎರಡು ವರ್ಷದ ಹಿಂದೆ ಇಂಚಿನ ಬೋಲ್ಟಿಗೆ ಮಿಲಿಮೀಟರ್ ಸ್ಪ್ಯಾನರ್ ಹಾಕಿ, ಜಾರಿಸಿ ಜಾರಿಸಿ ಅದರ ಮೂಲೆ ಸವೆಸಿದ ಪುಣ್ಯಾತ್ಮ ನಾನೇ! ಆ ಪೆದ್ದು ಕೆಲಸ ಈಗ ಸಾಕ್ಷಿಗೆ ಬಂತು. ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಹಿಡಿದ ನಟ್ಟುಗಳ ಮೇಲೆ ಹಳೇ ತುಕ್ಕು ಹಾಗೇ ಕೂತಿತ್ತು. ಸ್ಪ್ಯಾನರ್ ಮುಟ್ಟಿದ ಗುರುತೇ ಇಲ್ಲ. ಹೊಳಪು ಇದ್ದದ್ದು ಕಣ್ಣಿಗೆ ಕಾಣುವ ಕಡೆ ಮಾತ್ರ. ಸ್ಪ್ರೇ ಹೊಡೆದು ಬಟ್ಟೆಯಲ್ಲಿ ಒರೆಸಿದ್ದ, ಅಷ್ಟೇ.

ಫೋಟೋ ತೆಗೆದು ಕಳಿಸಿದೆ. ಅವನ ಉತ್ತರಗಳನ್ನು ಇದ್ದ ಹಾಗೇ ಹಾಕುತ್ತೇನೆ.

"ಬೋಲ್ಟ್ ಹಳೇದೇ ಹಾಕಿದ್ದು. ಹೊಸದರ ಜೊತೆ ಬಂದಿರಲಿಲ್ಲ."

ಸರಿ, ಬೌಲ್ ಮೇಲೆ ತುಕ್ಕು ಇದೆಯಲ್ಲ?

"ಬೌಲೂ ಹಳೇದೇ. ಚೆನ್ನಾಗಿತ್ತು, ಅದಕ್ಕೆ ಹಾಕಿದೆ."

ನಟ್ಟು?

"ನಟ್ಟು ಯಾರೂ ಹೊಸದು ಹಾಕಲ್ಲ."

ಹಾಗಾದರೆ ಹೊಸದು ಯಾವುದು?

"ಒಳಗಿಂದು."

ಒಳಗಿಂದು! ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ.

ಆಮೇಲೆ ಬೌಲ್ ಬಿಚ್ಚಿದಾಗ ತಮಾಷೆ ಇನ್ನೂ ಜಾಸ್ತಿಯಾಯಿತು. ಈ ಎಂಜಿನ್ನಿನಲ್ಲಿ ಆ ತಳದ ಬೋಲ್ಟೇ ಮುಖ್ಯ ಜೆಟ್, ಅಂದರೆ ಪೆಟ್ರೋಲನ್ನು ಅಳತೆಯಾಗಿ ಬಿಡುವ ಭಾಗ. ಅದು ಸುಮ್ನೆ ಬೌಲ್ ಹಿಡಿದುಕೊಳ್ಳುವ ಬೋಲ್ಟ್ ಅಲ್ಲ. ಅದರ ಮೈಯಲ್ಲೇ ತೂತುಗಳಿವೆ, ಬೌಲಿನಲ್ಲಿರುವ ಪೆಟ್ರೋಲ್ ಅವುಗಳ ಮೂಲಕವೇ ಎಂಜಿನ್ನಿಗೆ ಹೋಗುವುದು. ಅಂದರೆ "ಬೋಲ್ಟ್ ಹಳೇದೇ ಹಾಕಿದೆ" ಅನ್ನುವುದು ನಿಜವೇ ಆದರೂ, ಕಟ್ಟಿಕೊಂಡ ಹಳೇ ಜೆಟ್ಟನ್ನೇ ವಾಪಸ್ ಹಾಕಿದೆ ಅಂತ ಅವನೇ ಒಪ್ಪಿಕೊಂಡ ಹಾಗಾಯಿತು. ಇಷ್ಟು ಗೊತ್ತಿಲ್ಲದವನು ರಿಪೇರಿಗೆ ಯಾಕೆ ಬರಬೇಕು? ಗೊತ್ತಿದ್ದೂ ಹೇಳಿದನೋ? ಅದು ಇನ್ನೂ ಕೆಟ್ಟದ್ದು.

ಬೌಲಿನ ತಳದಲ್ಲಿ ಹಳೇ ವಾರ್ನಿಷ್ ವಾಸನೆಯ ಅಂಟು, ಬಿಳಿ ಪುಡಿ, ಎರಡು ಹನಿ ನೀರು. ಪೆಟ್ರೋಲಿನ ಹಗುರ ಭಾಗ ಆವಿಯಾಗಿ ಹೋದರೆ ಉಳಿಯುವುದು ಈ ಅಂಟೇ. ಎಥನಾಲ್ ಬೆರೆಸಿದ ಪೆಟ್ರೋಲ್ ಆದರೆ ತೇವವನ್ನೂ ಎಳೆದುಕೊಳ್ಳುತ್ತದೆ. ಅವನು ಹೊಸದು ಹಾಕಿದ್ದೇನೆ ಅಂದು ಎರಡು ವಾರ ಆಗಿತ್ತು, ಅಷ್ಟರಲ್ಲಿ ಇಷ್ಟು ಆಗುವುದಿಲ್ಲ. ತಿಂಗಳುಗಳೇ ಬೇಕು. ನನ್ನ ಎಂಟು ತಿಂಗಳು.

ಬೋಲ್ಟಿನ ದೊಡ್ಡ ತೂತಿಗೆ ಕಾರ್ಬ್ ಕ್ಲೀನರ್ ಹೊಡೆದು, ವೈರಿನಿಂದ ತೆಗೆದ ಒಂದು ಎಳೆ ತಾಮ್ರದ ತಂತಿ ತೂರಿಸಿದೆ. ಜೋಡಿಸಿ ಎಳೆದರೆ ಓಡಿತು, ಆದರೆ ಏದುಸಿರು ನಿಲ್ಲಲಿಲ್ಲ. ಮತ್ತೆ ಬಿಚ್ಚಿದೆ. ಮತ್ತೆ ಕಣ್ಣಿಟ್ಟು ನೋಡಿದೆ. ಮೂರನೇ ಸಲ ಬೆಳಕಿಗೆ ಹಿಡಿದಾಗ ಕಂಡಿತು: ತಿರುಪಿನ ಸುತ್ತುಗಳ ಹತ್ತಿರ, ಬೋಲ್ಟಿನ ಪಕ್ಕದಲ್ಲಿ ಇನ್ನೊಂದು ತೂತು. ಸೂಜಿಮೊನೆಯಷ್ಟು. ನಾನು ಅದನ್ನು ಬರೀ ಕಲೆ ಅಂದುಕೊಂಡಿದ್ದೆ! ಅಲ್ಲಿ ತಂತಿ ಆಡಿಸಿದ ಮೇಲೆ ಎಂಜಿನ್ ಒಂದೇ ದನಿಯಲ್ಲಿ ಓಡತೊಡಗಿತು. ಚೋಕ್ ಪೂರ್ತಿ ತೆಗೆದು, ವೇಗದ ಲಿವರನ್ನು ಮೊಲದ ಚಿತ್ರದ ಕಡೆ, ಅಂದರೆ ಜೋರಿನ ಕಡೆ, ತಳ್ಳಿ, ಗಟ್ಟಿ ಹಿಮದೊಳಗೆ ಬಿಟ್ಟೆ. ಕುಸಿಯಲಿಲ್ಲ. ಹೋಗಿತ್ತಂತೆ ಎಂಜಿನ್ನು!

ಒಂದು ಮಾತು. ಕನ್ನಡಕ ಹಾಕಿಕೊಳ್ಳಿ. ಒಂದು ತೂತಿಗೆ ಸ್ಪ್ರೇ ಹೊಡೆದರೆ ಇನ್ನೊಂದು ತೂತಿನಿಂದ ಸೀದಾ ಮುಖಕ್ಕೆ ಹಾರುತ್ತದೆ, ನನಗೆ ಹಾರಿತು. ಎಂಜಿನ್ ತಣ್ಣಗಿರಲಿ, ಕೆಲಸ ಹೊರಗೆ ಗಾಳಿಯಲ್ಲೇ ಇರಲಿ. ಡ್ರಿಲ್ ಬಿಟ್ಟು ಜೆಟ್ ಕೊರೆಯಬೇಡಿ, ತೂತು ದೊಡ್ಡದಾದರೆ ಆ ಜೆಟ್ ಹೋಯಿತು ಅಂತಲೇ ಲೆಕ್ಕ. ಸ್ಪ್ರೇ ರಬ್ಬರ್ ರಿಂಗಿಗೆ ತಾಗಿದರೆ ಅದು ಉಬ್ಬುತ್ತದೆ, ಮತ್ತೆ ಕೂರುವುದಿಲ್ಲ.

ಚೋಕ್ ಹಾಕಿದರೆ ಓಡಿ, ತೆಗೆದರೆ ಸಾಯುತ್ತಿದ್ದರೆ ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ. ಚೋಕ್ ಗಾಳಿಯನ್ನು ಕಟ್ಟಿ ಇರುವ ಪೆಟ್ರೋಲನ್ನೇ ಸಾಕಾಗುವ ಹಾಗೆ ಮಾಡುತ್ತದೆ, ಅಷ್ಟೇ. ಕೆಲವು ನಿಮಿಷ ಚೆನ್ನಾಗಿ ಓಡಿ ನಿಂತರೆ ಟ್ಯಾಂಕಿನ ಮುಚ್ಚಳ ಸ್ವಲ್ಪ ಸಡಿಲಿಸಿ ನೋಡಿ, ಮುಚ್ಚಳದ ಗಾಳಿತೂತು ಕಟ್ಟಿಕೊಂಡರೂ ಹೀಗಾಗುತ್ತದೆ. ಯಾರನ್ನಾದರೂ ಕರೆಯುವ ಮೊದಲು ಹಳೇ ಪೆಟ್ರೋಲ್ ಹೊರಗೆ ತೆಗೆದು ಹೊಸದು ಹಾಕಿ ನೋಡಿ. ಕರೆದರೆ ಪಕ್ಕದಲ್ಲೇ ನಿಲ್ಲಿ. ಫೋನ್ ಆಮೇಲೆ ಮಾಡಬಹುದು. ಬಿಚ್ಚಿದ ಹಳೇ ಸಾಮಾನು ನಿಮ್ಮ ಕೈಗೆ ಬರಲಿ. ಚೋಕ್ ಪೂರ್ತಿ ತೆಗೆಸಿ, ಹಿಮದೊಳಗೆ ಓಡಿಸಿ ತೋರಿಸುವವರೆಗೆ ದುಡ್ಡು ಬಿಚ್ಚಬೇಡಿ. ಅವನ ಕೈ ಎಲ್ಲಿದೆ ನೋಡಿ. ಕೈ ಎಲ್ಲಿದೆ ನೋಡಿ!

ಹಣ ವಾಪಸ್ ಕೇಳಿದೆ. "ನಿಮ್ಮ ಪೆಟ್ರೋಲೇ ಸರಿ ಇರಲಿಲ್ಲ, ಅದಕ್ಕೆ ನಾನೇನು ಮಾಡಲಿ" ಅಂತ ಬರೆದ. ಅವನು ಹೇಳಿದ್ದರಲ್ಲಿ ಅದೊಂದೇ ನಿಜ. ಆಮೇಲೆ ಉತ್ತರವೇ ಇಲ್ಲ. ನಿನ್ನೆ ರಾತ್ರಿ ಇದ್ದಕ್ಕಿದ್ದ ಹಾಗೆ ಒಂದು ಮೆಸೇಜ್ ಬಂತು: "ಆ ಮಷೀನ್ ಇನ್ನೂ ಇದೆಯಾ? ಕೊಡೋದಾದ್ರೆ ಹೇಳಿ."